ರಾತ್ರಿಯ ಲೆಕ್ಕ ಬೆಳಿಗ್ಗೆಗಿರಲಿ

ನಮ್ಮ ಸಂಘದ ಸದಸ್ಯರಲ್ಲಿ ಅರವತ್ತು ದಾಟಿದವರು ಬಹಳ ಮಂದಿ. ಮಕ್ಕಳು ಬೆಂಗಳೂರು ಸೇರಿದ್ದಾರೆ. ತೋಟ, ಸಾಲ, ಆಳುಗಳ ಚಿಂತೆ ಹಿರಿಯರ ತಲೆಯ ಮೇಲೆಯೇ ಉಳಿದಿದೆ. "ವಯಸ್ಸಾಯಿತು, ಇನ್ನು ತೋಟ ಬಿಟ್ಟು ಸುಮ್ಮನೆ ಕುಳಿತುಕೊಳ್ಳಿ" ಎನ್ನುವವರಿಗೇನೂ ಕಡಿಮೆಯಿಲ್ಲ. ಈ ಉಪದೇಶ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಕೆಲಸ ಇರಲಿ; ರಾತ್ರಿಯ ಚಿಂತೆ ಹೋಗಲಿ.

ಇದಕ್ಕೆ ಕಾರಣವಿದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆಪತ್ತು ಬಂದಾಗ ರಕ್ತಕ್ಕೆ ಸಕ್ಕರೆ ಒದಗಿಸಿ ದೇಹವನ್ನು ಸಜ್ಜುಗೊಳಿಸುವುದು ಇದರ ಕೆಲಸ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿ, ಗಾಯ, ಅತಿಶ್ರಮಗಳಿಗೆ ಒಡ್ಡಿ ನೋಡಿದಾಗ, ಕಷ್ಟ ಯಾವುದೇ ಇರಲಿ, ಈ ಗ್ರಂಥಿಗಳು ಊದಿಕೊಂಡು ಹೊಟ್ಟೆಯಲ್ಲಿ ಹುಣ್ಣಾಗಿದ್ದುದು ಕಂಡಿತು. ಅದನ್ನು ಅವರು 1936ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಲ್ಲಿ ಕಾರ್ಟಿಸೋಲ್ ಬೆಳಗಿನ ಜಾವ ಏರಿ, ಸಂಜೆಯ ಹೊತ್ತಿಗೆ ಇಳಿದು, ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ. ವಯಸ್ಸಾದಂತೆ ಈ ಇಳಿತ ಕುಗ್ಗುತ್ತದೆ. "ಸಾಕು, ನಿಲ್ಲಿಸು" ಎನ್ನುವ ಮಿದುಳಿನ ಕಡಿವಾಣ ಸಡಿಲವಾಗಿ, ಸಂಜೆ-ರಾತ್ರಿಯ ಮಟ್ಟ ಸಾಮಾನ್ಯವಾಗಿ ಹರೆಯದವರಿಗಿಂತ ಮೇಲೆಯೇ ನಿಲ್ಲುತ್ತದೆ. ನಿದ್ದೆ ಕೆಡುತ್ತದೆ. ಬಹುಕಾಲ ಹೀಗೇ ಆದರೆ ರಕ್ತದ ಒತ್ತಡ, ಸಕ್ಕರೆಕಾಯಿಲೆ, ಮೂಳೆಸವೆತ ಇವಕ್ಕೆಲ್ಲ ದಾರಿಯಾಗುತ್ತದೆ.

ಇಪ್ಪತ್ತೈದರ ಹುಡುಗ ಎಲೆಚುಕ್ಕೆ ರೋಗದ ಸುದ್ದಿ ಕೇಳಿಯೂ ಗೊರಕೆ ಹೊಡೆಯಬಲ್ಲ. ಅವನ ತಂದೆ ಊಟವಾದ ಮೇಲೆ ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡಿ, ಸಾಲದ ಕಂತಿನ ಪುಸ್ತಕ ತೆರೆದರೆ ಮುಗಿಯಿತು, ಎರಡು ಗಂಟೆಯವರೆಗೆ ಹೊರಳಾಟ.

ಆದ್ದರಿಂದ ಧಾರಣೆ, ಸಾಲ, ಮಕ್ಕಳೊಡನೆ ಪಾಲಿನ ಮಾತು, ಇವನ್ನೆಲ್ಲ ಬೆಳಗಿನ ಕಾಫಿಯ ನಂತರಕ್ಕೆ ಇಟ್ಟುಕೊಳ್ಳಿ. ಕಾಫಿಯ ಮಾತು ಬಂತು. ಬೆಳೆಗಾರನಾದ ನಾನು ಹೇಳಬಾರದು, ಆದರೂ ಮಧ್ಯಾಹ್ನದ ಮೇಲೆ ಬೇಡ. ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ತೋಟದ ಸುತ್ತಾಟವನ್ನು ಮಾತ್ರ ಬಿಡಬೇಡಿ. ಸ್ನಾಯು, ಮೂಳೆ, ನಿದ್ದೆ ಮೂರಕ್ಕೂ ಅದು ಒಳ್ಳೆಯದು.

ಆಡಳಿತ ಮಂಡಳಿಗೂ ಒಂದು ಮಾತು. ಸಾಲ ವಸೂಲಿಯ ಸಭೆಯನ್ನು ಸಂಜೆ ಆರಕ್ಕೆ ಕರೆದು, ಹಿರಿಯರನ್ನು ಕತ್ತಲಲ್ಲಿ ಚಿಂತೆಯ ಗಂಟಿನೊಡನೆ ಮನೆಗೆ ಕಳಿಸುವುದೇಕೆ? ಬೆಳಿಗ್ಗೆ ಹತ್ತಕ್ಕೆ ಕರೆಯಲಿ; ಆಳುಗಳನ್ನು ಕೆಲಸಕ್ಕೆ ಹಚ್ಚಿ ಬರಲು ಅದು ಅನುಕೂಲವೂ ಹೌದು. ಬರುವ ಮಹಾಸಭೆಯಲ್ಲಿ ಈ ವಿಷಯ ಎತ್ತಲಿದ್ದೇನೆ. ಒಪ್ಪುವವರು ತಪ್ಪದೆ ಬನ್ನಿ, ಒಪ್ಪದವರೂ ಬಂದು ಕಾರಣ ಹೇಳಿ.