ಕಾಯುವ ಹೊರೆ ಯಾರದು?

ಒಂದು ಬದಿಗೆ ಫಲ್ಗುಣಿ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ನಡುವೆ ಕಿರಿದಾದ ಮರಳಿನ ಪಟ್ಟಿಯಂತೆ ಚಾಚಿಕೊಂಡಿರುವುದು ಮಂಗಳೂರಿನ ಬೆಂಗ್ರೆ. ಅದರ ತೆಂಕಣ ತುದಿಯ ಅಳಿವೆಯಲ್ಲಿ ಫಲ್ಗುಣಿಯೂ ನೇತ್ರಾವತಿಯೂ ಕಡಲನ್ನು ಸೇರುತ್ತವೆ. ಎರಡೂ ನಮ್ಮ ಘಟ್ಟದಿಂದ ಇಳಿದ ನೀರು. ಹೊಳೆಯ ಆಚೆ ದಡದಲ್ಲಿ ಹಳೆ ಬಂದರು ಮತ್ತು ಮೀನುಗಾರಿಕಾ ದಕ್ಕೆ ಇವೆ. ಬೆಂಗ್ರೆಯವರು ಪೇಟೆಗೆ ಹೋಗಬೇಕಾದರೆ ಫೆರಿ ದೋಣಿ ಹತ್ತಬೇಕು, ಇಲ್ಲವೇ ತಣ್ಣೀರುಬಾವಿ, ಪಣಂಬೂರುಗಳ ಮಾರ್ಗವಾಗಿ ಸುತ್ತಿ ಬರಬೇಕು. ನಮ್ಮ ಊರಿನ ಸಂತೆಗೆ ಬರುವ ಬೂತಾಯಿ, ಬಂಗುಡೆಗಳ ದಾರಿ ಈ ಅಳಿವೆಯಿಂದಲೇ ಮೊದಲಾಗುತ್ತದೆ. ಘಟ್ಟದವರಾದ ನಾವು ಬೆಂಗ್ರೆಯ ಮಾತನ್ನು ಎತ್ತಲು ಇಷ್ಟು ನಂಟು ಸಾಕು.

'ಪೂರೈಕೆ ಸರಪಳಿಯ ನಿರ್ವಹಣೆ' ಎಂಬುದು ಇಂದು ಕಾಲೇಜುಗಳಲ್ಲಿ ಕಲಿಸುವ ವಿಷಯ. ನಮ್ಮ ಹಳ್ಳಿಗಳ ಮಕ್ಕಳೂ ಅದನ್ನು ಓದಿ ನಗರಗಳಲ್ಲಿ ಉದ್ಯೋಗ ಪಡೆಯುತ್ತಿದ್ದಾರೆ. ಕಚ್ಚಾವಸ್ತು ಹುಟ್ಟುವ ಎಡೆಯಿಂದ ಬಳಸುವವರ ಕೈ ಸೇರುವವರೆಗೆ ಸರಕು, ಹಣ ಮತ್ತು ಮಾಹಿತಿಗಳನ್ನು ಹೊಂದಿಸಿ ಸಾಗಿಸುವ ವಿದ್ಯೆ ಅದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಎಲ್ಲಿ ಸಾಗಣೆಯಿದೆಯೋ ಅಲ್ಲಿ ಕಾಯುವಿಕೆಯೂ ಇದೆ. ಬೆಲೆ ಬರುವವರೆಗೆ, ವಾಹನ ಬರುವವರೆಗೆ, ಋತು ಬದಲಾಗುವವರೆಗೆ ಯಾರಾದರೊಬ್ಬರು ಕಾಯಲೇಬೇಕು. ಆ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದರಲ್ಲಿ ಒಂದು ಸರಪಳಿಯ ನ್ಯಾಯಾನ್ಯಾಯಗಳು ಅಡಗಿವೆ.

ಮೀನನ್ನೇ ನೋಡೋಣ. ಮೀನು ಕಾಯಲಾರದು. ಬಲೆಯಿಂದ ಬಂದ ಗಳಿಗೆಯಿಂದ ಅದರ ಬೆಲೆ ಕುಸಿಯತೊಡಗುತ್ತದೆ. ಅದನ್ನು ತಡೆಯುವುದು ಮಂಜುಗಡ್ಡೆ. ಆದ್ದರಿಂದ ಮಂಜುಗಡ್ಡೆ ಮತ್ತು ಶೀತಲಗೃಹ ಯಾರ ಕೈಯಲ್ಲಿವೆಯೋ ಅವರಿಗೆ ಕಾಯುವ ಶಕ್ತಿಯುಂಟು. ಹೆಚ್ಚು ಮೀನು ಬಿದ್ದ ದಿನ ನಾಡದೋಣಿಯವರು ಬಂದ ಬೆಲೆಗೆ ಕೊಡಬೇಕು. ಬುಟ್ಟಿ ಹೊತ್ತು ಮಾರುವ ಹೆಂಗಸು ಸಂಜೆಯೊಳಗೆ ಬುಟ್ಟಿ ಬರಿದು ಮಾಡಬೇಕು. ಉಳಿದ ಮೀನು ಕಾರ್ಖಾನೆಯ ಪಾಲಾಗುತ್ತದೆ. ಹಿಂದೆ ಕರಾವಳಿಯ ರಂಪಣಿ ಬಲೆಯನ್ನು ಊರೇ ಕೂಡಿ ದಡಕ್ಕೆ ಎಳೆಯುತ್ತಿತ್ತು, ಬಂದುದನ್ನು ಪಾಲು ಹಂಚಿಕೊಳ್ಳುತ್ತಿತ್ತು; ಮಿಕ್ಕ ಬೂತಾಯಿ ಒಣಗಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಇಂದು ಸಣ್ಣಮೀನಿನ ದೊಡ್ಡ ಪಾಲು ಮೀನಹಿಟ್ಟಾಗಿ ಸಿಗಡಿ ಕೊಳಗಳಿಗೂ ಕೋಳಿ ಸಾಕಣೆಗೂ ಹೋಗುತ್ತಿದೆ. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಹಿಟ್ಟಿಗೆ ಮರಿ ಮೀನಾದರೂ ನಡೆಯುತ್ತದೆ. ಹೀಗಾಗಿ ಮೀನು ಬೆಳೆಯುವವರೆಗೆ ಕಾಯಬೇಕೆಂಬ ಒತ್ತಾಯವೇ ಆ ಸರಪಳಿಯಲ್ಲಿ ಉಳಿಯುವುದಿಲ್ಲ.

ಕಾರು ತಯಾರಿಕೆಯಲ್ಲಿ ಈ ಹೊರೆಯ ಹಂಚಿಕೆ ಬೇರೆ ಬಗೆ. ಬಿಡದಿಯಲ್ಲಿ 1999ರ ಕೊನೆಯಿಂದ ಕಾರು ತಯಾರಿಸುತ್ತಿರುವ ಟೊಯೋಟಾ ಕಂಪನಿಯು ಬಿಡಿಭಾಗಗಳು ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕೆಂಬ ಪದ್ಧತಿಯನ್ನು ಜಗತ್ತಿಗೆ ಕಲಿಸಿತು. ದಾಸ್ತಾನು ಕಡಿಮೆಯಾದರೆ ಖರ್ಚೂ ಕಡಿಮೆ. ಆದರೆ ಅನೇಕ ಉದ್ಯಮಗಳು ಈ ಪದ್ಧತಿಯನ್ನು ಅನುಕರಿಸಿದಾಗ ದಾಸ್ತಾನು ಮಾಯವಾಗಲಿಲ್ಲ. ದೊಡ್ಡ ಕಾರ್ಖಾನೆಯ ಉಗ್ರಾಣದಿಂದ ಸಣ್ಣ ತಯಾರಕನ ಉಗ್ರಾಣಕ್ಕೆ ವರ್ಗವಾಯಿತು ಅಷ್ಟೆ. ಅಂತಹ ಬಿಗಿಯಾದ ಸರಪಳಿಗಳು ಎಷ್ಟು ನಾಜೂಕಾದವು ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ನಮಗಂತೂ ಅದು ಮೊದಲೇ ತಿಳಿದಿತ್ತು: 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಮಾರ್ಗಗಳಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಚಾರ್ಮಾಡಿ ಕುಸಿದಾಗ, ಘಟ್ಟದ ಮೇಲಿನ ಸರಕು ಮೇಲೆಯೂ ಕೆಳಗಿನದು ಕೆಳಗೆಯೂ ನಿಂತುಬಿಟ್ಟಿತು.

ಬೆಂಗ್ರೆಯ ಎದುರಿನ ಹಳೆ ಬಂದರಿನಲ್ಲಿ ಇದಕ್ಕೆ ವಿರುದ್ಧವಾದ ಪಾಠವೊಂದಿದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಮರಳುಗಳನ್ನು ಹೇರಿಕೊಂಡು ಮಂಜಿಗಳು ಹೊರಡುವುದು ಇಲ್ಲಿಂದ. ಅಮೀನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು; ನಂಟು ಅಷ್ಟು ಹಳೆಯದು. ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ದ್ವೀಪದವರು ತಿಂಗಳುಗಳಿಗೆ ಬೇಕಾದುದನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು. ಕಡಲು ತಾನು ಬಿಡುವವರೆಗೆ ಬಿಡದು ಎಂಬುದನ್ನು ಒಪ್ಪಿಕೊಂಡೇ ರೂಪುಗೊಂಡ ವ್ಯವಸ್ಥೆ ಅದು. ಮಳೆಗಾಲಕ್ಕೆ ಮುಂಚೆ ಸೌದೆ, ಉಪ್ಪು, ಹಪ್ಪಳ, ಒಣಮೀನುಗಳನ್ನು ಅಟ್ಟಕ್ಕೇರಿಸುತ್ತಿದ್ದ ಮಲೆನಾಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯುವ ಶಕ್ತಿಯನ್ನು ಬೆಳೆಗಾರರು ತಾವೇ ಸಂಪಾದಿಸಿಕೊಂಡ ನಿದರ್ಶನವೂ ನಮ್ಮ ನಡುವೆ ಇದೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಲೆ ನೆಲಕಚ್ಚಿದಾಗ ಅದು ಕೊಕ್ಕೋವನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರನಿಗೆ ಉಗ್ರಾಣವೂ ಸಂಸ್ಕರಣೆಯೂ ತನ್ನದಾದಾಗ 'ಇಂದೇ ಮಾರದಿದ್ದರೆ ಗತಿಯಿಲ್ಲ' ಎಂಬ ದೈನ್ಯ ತಪ್ಪಿತು. ಕಾಫಿಯ ಸಣ್ಣ ಬೆಳೆಗಾರ ಇಂದಿಗೂ ಮಾರ್ಚಿಯೊಳಗೆ ಸಾಲ ಕಟ್ಟುವ ಅವಸರದಲ್ಲಿ ಕಣದಿಂದಲೇ ಮಾರುತ್ತಾನೆ. ದಕ್ಕೆಯ ನಾಡದೋಣಿಯವರಿಗೂ ಅವನಿಗೂ ಇರುವುದು ಒಂದೇ ಕೊರತೆ.

ಇಷ್ಟು ಮನುಷ್ಯರ ಮಾತಾಯಿತು. ಸರಪಳಿಯ ಮೊದಲ ಕೊಂಡಿ ಮನುಷ್ಯನಲ್ಲ; ಬೆಟ್ಟ, ಹೊಳೆ, ಕಡಲು. ಅವಕ್ಕೂ ಸಮಯ ಬೇಕು. ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಲಾಗುತ್ತಿತ್ತು. ಲಾರಿಯಿಲ್ಲ, ಗೋಣಿಯಿಲ್ಲ, ಕಾಯುವ ಮಾತಿಲ್ಲ. ನಿರ್ವಹಣೆಯ ಲೆಕ್ಕದಲ್ಲಿ ಅದಕ್ಕಿಂತ ಚೊಕ್ಕವಾದ ಸರಪಳಿ ಇನ್ನೊಂದಿರಲಾರದು. ಆ ಲೆಕ್ಕದ ಹೊರಗೆ ಉಳಿದದ್ದು ಶೋಲಾ ಕಾಡು, ಭದ್ರೆಯ ಹೂಳು, ಲಕ್ಯಾ ಅಣೆಕಟ್ಟಿನ ಹಿಂದೆ ನಿಂತ ಕೆಸರು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ಸರಪಳಿ ನಿಲ್ಲಲಿಲ್ಲ. ಪಣಂಬೂರಿನ ಕಾರ್ಖಾನೆಗೆ ಛತ್ತೀಸಗಢದ ಬೈಲಾಡಿಲದಿಂದ ಅದಿರು ತರಿಸಲಾಯಿತು. ನಮ್ಮ ಬೆಟ್ಟ ಉಳಿಯಿತು. ಹೊರೆ ಇನ್ನೊಂದು ಬೆಟ್ಟಕ್ಕೆ, ಅಲ್ಲಿಯ ಆದಿವಾಸಿಗಳ ಮೇಲೆ ಬಿದ್ದಿತು. ನಮ್ಮ ಚಳವಳಿಯ ಗೆಲುವನ್ನು ನೆನೆಯುವಾಗ ಈ ಮಾತನ್ನೂ ನೆನೆಯುವುದು ಪ್ರಾಮಾಣಿಕತೆ.

ಕಡಲಿನಲ್ಲಿಯೂ ಹೀಗೆಯೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿಮಾಡಲೆಂದು ದೊಡ್ಡ ದೋಣಿಗಳೆಲ್ಲ ಲಂಗರು ಹಾಕುತ್ತವೆ. ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಇಡೀ ಸರಪಳಿ ಪ್ರಕೃತಿಗಾಗಿ ಕಾಯುವ ವರ್ಷದ ಏಕೈಕ ಕಾಲ ಇದು. ಆದರೆ ಪೂರ್ವ ಕರಾವಳಿಯ ನಿಷೇಧ ಜೂನ್ ನಡುವಿನಲ್ಲಿ ಮುಗಿಯುವುದರಿಂದ ಅತ್ತಣ ಮೀನು ಮಂಜುಗಡ್ಡೆಯಲ್ಲಿ ಹುದುಗಿ ಇತ್ತ ಬರುತ್ತದೆ. ಕೊಳ್ಳುವ ನಮಗೆ ಕಡಲು ವಿಶ್ರಮಿಸುತ್ತಿದೆ ಎಂಬುದೇ ತಿಳಿಯುವುದಿಲ್ಲ. ಬೆಳಕು ಬಿಟ್ಟು ಮೀನು ಹಿಡಿಯುವುದನ್ನೂ ಜೋಡಿ ದೋಣಿಗಳ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದರೂ ಅದರ ಉಲ್ಲಂಘನೆಯ ದೂರು ನಿಂತಿಲ್ಲ. ಸಾಗರಮಾಲಾ ಯೋಜನೆಯಡಿ ಬೆಂಗ್ರೆಯ ದಡದಲ್ಲಿ ಸರಕು ಹಡಗುಗಳ ಕಟ್ಟೆ ಕಟ್ಟಹೊರಟಾಗ ಅಲ್ಲಿಯ ನಾಡದೋಣಿಯವರು ಪ್ರತಿಭಟಿಸಿದ್ದನ್ನು ಅಭಿವೃದ್ಧಿಯ ವಿರೋಧವೆಂದು ಜರೆಯುವುದು ಸುಲಭ. ಸರಪಳಿಯ ವೇಗ ಹೆಚ್ಚಿದಾಗ ದೋಣಿ ಎಳೆದಿಡುವ ಮರಳೇ ಇಲ್ಲವಾಗುವವರ ಮಾತು ಅದು.

ಹಾಗಾದರೆ ನಾವೇನು ಮಾಡಬೇಕು? ಸರಪಳಿಗಳನ್ನು ಕಡಿದು ಬದುಕುವುದು ಇಂದು ಯಾರಿಗೂ ಆಗದು. ಅವುಗಳಿಗೆ ಪ್ರಶ್ನೆ ಕೇಳಲು ಆದೀತು. ಮಳೆಗಾಲದ ಎರಡು ತಿಂಗಳು ಮೀನಿನ ಗಾಡಿ ಬಂದಾಗ ಇದು ಯಾವ ಕಡಲಿನದು ಎಂದು ವಿಚಾರಿಸಿರಿ. ಮರಿ ಮೀನನ್ನು ಯಾವ ಕಾಲದಲ್ಲಿಯೂ ಕೊಳ್ಳದಿರಿ. ಒಣಮೀನಿಗೆ ಮನೆಯಲ್ಲಿ ಮತ್ತೆ ಜಾಗ ಕೊಡಿರಿ. ಬೆಳೆಗಾರರು ಊರಿನ ಸಹಕಾರಿ ಸಂಘದಲ್ಲಿ ಉಗ್ರಾಣದ ಮಾತನ್ನು ಎತ್ತಿರಿ. ವಿದ್ಯಾರ್ಥಿಗಳಿಗೆ ಒಂದು ಕೆಲಸ: ನಿಮ್ಮ ಮನೆಯ ಒಂದು ವಸ್ತುವನ್ನು ಆರಿಸಿ, ಅದು ನಡೆದು ಬಂದ ದಾರಿಯನ್ನು ಬರೆಯಿರಿ. ಎಷ್ಟು ಕೈ ದಾಟಿತು, ಎಷ್ಟು ಬೆಲೆ ಏರಿತು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಪ್ರತಿ ಕೊಂಡಿಯಲ್ಲಿ ಯಾರು ಕಾದರು, ಯಾರು ಕಾಯಲಾರದೆ ಸೋತರು ಎಂಬುದನ್ನೂ ಕೇಳಿ ಬರೆಯಿರಿ. ಅವಕಾಶವಾದರೆ ಫೆರಿ ಹತ್ತಿ ಬೆಂಗ್ರೆಗೆ ಹೋಗಿ ಅಲ್ಲಿಯವರನ್ನು ಕೇಳಿರಿ. ನಾವು ಇಲ್ಲಿ ಹೊಳೆಗೆ ಬಿಟ್ಟದ್ದು ಅವರ ಅಳಿವೆಯನ್ನು ಸೇರುತ್ತದೆ. ಅದರ ಲೆಕ್ಕವನ್ನು ಕೇಳುವ ಹಕ್ಕು ಅವರಿಗೂ ಇದೆ.