ಬಟನ್ ಹೋಯಿತು, ಒತ್ತಕ್ಷರ ಬಂತು

ಹೋದ ವಾರ ಒಂಬತ್ತನೇ ತರಗತಿಗೆ ನನ್ನ ಹಳೇ ಫೋನನ್ನು ತಗೊಂಡು ಹೋಗಿದ್ದೆ. ಸ್ಕ್ರೀನನ್ನು ಪಕ್ಕಕ್ಕೆ ತಳ್ಳಿದರೆ ಅಡಿಯಿಂದ ಕೀಬೋರ್ಡ್ ಹೊರಗೆ ಬರುತ್ತೆ. ಅದನ್ನು ನೋಡಿ ಇಡೀ ಕ್ಲಾಸೇ ಎದ್ದು ಬಂತು. ಒಬ್ಬ ಹುಡುಗ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕನ್ನಡ ಎಲ್ಲಿದೆ ಸಾರ್?" ಅಂದ. ಅವತ್ತು ಬೆಲ್ ಆಗಿಬಿಟ್ಟಿತು, ಪೂರ್ತಿ ಉತ್ತರ ಹೇಳೋಕೆ ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2011ರಲ್ಲಿ, ಬಿ.ಎಡ್. ಮುಗಿದ ಹೊಸದರಲ್ಲಿ, ಬಳ್ಳಾರಿಗೆ ಹೋಗಿ ಆ ಫೋನನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಬೆಳುಗುಪ್ಪಕ್ಕೆ ವಾಪಸ್ ಬರೋ ದಾರಿಯುದ್ದಕ್ಕೂ ಬಸ್ಸಿನಲ್ಲಿ ತೆಗೆಯೋದು, ಮುಚ್ಚೋದು ಇದೇ ಕೆಲಸ. ಪಕ್ಕದಲ್ಲಿ ಕೂತಿದ್ದ ತಾತ "ಎಷ್ಟಪ್ಪಾ ಇದಕ್ಕೆ?" ಅಂತ ಕೇಳಿದರು. ಬೆಲೆ ಹೇಳಿದೆ. ಆಮೇಲೆ ಅವರು ಮಾತಾಡಲಿಲ್ಲ.

ಅಂಥ ಫೋನಿನ ಹುಚ್ಚು ಹಿಡಿಯೋಕೆ ಕಾರಣ ಇತ್ತು. ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್. 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂದ ಅದಕ್ಕೂ ಹೀಗೇ ಜಾರುವ ಕೀಬೋರ್ಡ್. ಅದರಲ್ಲಿ ಟಚ್ ಸ್ಕ್ರೀನ್ ಇದ್ದರೂ ಸ್ಕ್ರೀನಿನ ಮೇಲೆ ಟೈಪ್ ಮಾಡೋ ಹಾಗಿರಲಿಲ್ಲ! ಒಂದು ಸಾಲು ಬರೆಯಬೇಕಾದರೂ ಕೀಬೋರ್ಡ್ ಎಳೆಯಲೇಬೇಕು. 2009ರ ಏಪ್ರಿಲಿನಲ್ಲಿ ಆಂಡ್ರಾಯ್ಡ್ 1.5 ಬಂದ ಮೇಲೇ ಸ್ಕ್ರೀನಿನಲ್ಲಿ ಕೀಬೋರ್ಡ್ ಮೂಡಿದ್ದು.

ನನ್ನ ಫೋನು ಆ ಕಂಪನಿಯದಲ್ಲ, ಜಾತಿ ಮಾತ್ರ ಅದೇ. ಬಟನ್ ಒತ್ತಿದರೆ ಬೆರಳಿಗೆ ಟಕ್ ಅಂತ ಗೊತ್ತಾಗೋದು. ಒಳಗೆ ಪುಟ್ಟ ಲೋಹದ ಬೋಗುಣಿ ಬೋರಲು ಹಾಕಿದ ಹಾಗಿರುತ್ತೆ. ಒತ್ತಿದಾಗ ಅದು ಕುಸಿದು ಮಂಡಲ ಪೂರ್ಣವಾಗುತ್ತೆ. ನೀವು ಪಾಠದಲ್ಲಿ ಓದಿದ ಸ್ವಿಚ್ಚೇ.

ಮನೆಗೆ ಬಂದ ರಾತ್ರಿ ಗೆಳೆಯನೊಬ್ಬ ಕನ್ನಡದಲ್ಲಿ ಇ-ಮೇಲ್ ಕಳಿಸಿದ. ತೆರೆದರೆ ಬರೀ ಚೌಕ, ಚೌಕ, ಚೌಕ. ಫೋನ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದಕ್ಕೆ ಕನ್ನಡವೇ ಬರುತ್ತಿರಲಿಲ್ಲ.

ಫೋನಿಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ನಮ್ಮ 'ಕ' 3221ನೇ ಸಂಖ್ಯೆ, ತೆಲುಗಿನ 'ಕ' 3093. ಕಳೆದು ನೋಡಿ, 128 ಬರುತ್ತೆ. 'ತ', 'ಮ' ಇವಕ್ಕೂ ಅದೇ 128. ಅಕ್ಕಪಕ್ಕದ ಮನೆಯವರು ನಾವು, ಅಲ್ಲೂ ಅಕ್ಕಪಕ್ಕವೇ. ಆದರೆ ಸಂಖ್ಯೆ ಇದ್ದರೆ ಸಾಲದು, ಜೋಡಿಸೋದೂ ಬರಬೇಕು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನಿಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಅಂತ ಆರು ಸಂಖ್ಯೆ. ಆರನ್ನೂ ಒಂದರ ಕೆಳಗೊಂದು ಕೂರಿಸೋ ಸಾಫ್ಟ್‌ವೇರ್ ಇರಬೇಕು. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಸರಿಯಾಗಿ ಬಂದಿದ್ದು 2012ರಲ್ಲಿ, 4.1ರ ಜೊತೆ. ಅಲ್ಲಿವರೆಗೆ ಕನ್ನಡದವರಿಗೂ ತೆಲುಗಿನವರಿಗೂ ಒಂದೇ ಗತಿ.

ಹಾಗಾಗಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ಕಲಿತೆವು. ಅದಕ್ಕೆ ಇನ್ನೊಂದು ಕಾರಣ ದುಡ್ಡು. ಒಂದು ಎಸ್ಸೆಮ್ಮೆಸ್‌ನಲ್ಲಿ 1120 ಬಿಟ್ ಹಿಡಿಯುತ್ತೆ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಅಂದರೆ 160 ಅಕ್ಷರ. ಕನ್ನಡಕ್ಕೆ 16 ಬಿಟ್ ಬೇಕು, ಅಂದರೆ 70. 'ಸ್ತ್ರೀ' ಒಂದಕ್ಕೇ ಅದರಲ್ಲಿ ಆರು ಹೋಯಿತು.

ಈಗ ಕೆಲವರು ಹೇಳ್ತಾರೆ, ಆ ಬಟನ್ನುಗಳೇ ಚೆನ್ನಾಗಿದ್ದವು, ಗಾಜನ್ನು ತಿಕ್ಕೋದರಲ್ಲಿ ಏನು ಸುಖ ಅಂತ. ಸುಖ ಇತ್ತು, ನಾನೂ ಒಪ್ಪುತ್ತೇನೆ. ಕಣ್ಣು ಕಾಣದವರಿಗೆ ಬೆರಳಿಗೆ ಸಿಗೋ ಬಟನ್ನು ದೊಡ್ಡ ಆಸರೆಯಾಗಿತ್ತು ಅನ್ನೋದೂ ನಿಜ. ಆದರೂ ಕನ್ನಡದವರು ಅದಕ್ಕಾಗಿ ಅಳಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಅಕ್ಷರ ಕಾರ್ಖಾನೆಯಲ್ಲೇ ತೀರ್ಮಾನವಾಗಿ ಬರುತ್ತೆ, ಅಲ್ಲಿ ನಮ್ಮನ್ನು ಕೇಳೋರು ಯಾರು? ಗಾಜು ಹಾಗಲ್ಲ. ನೀವು ಮುಟ್ಟಿದಾಗ ಆ ಜಾಗದ ವಿದ್ಯುತ್ ಆವೇಶ ಸ್ವಲ್ಪ ಬದಲಾಗುತ್ತೆ, ಫೋನಿಗೆ ತಿಳಿಯೋದು ಆ ಜಾಗ ಮಾತ್ರ. ಅಲ್ಲಿರೋದು 'ಕ'ನೋ ಇನ್ನೊಂದೋ ಅನ್ನೋದನ್ನು ಆಮೇಲೂ ಬದಲಾಯಿಸಬಹುದು.

ಬಟನ್ನಿನಲ್ಲಿ ಕನ್ನಡ ಸಾಧ್ಯವೇ ಇಲ್ಲ ಅಂತಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಕಂಪ್ಯೂಟರಿನ ಇಂಗ್ಲಿಷ್ ಕೀಗಳಲ್ಲೇ ಆರು ಸಲ ಒತ್ತಿ 'ಸ್ತ್ರೀ' ಬರೆಯಬಹುದು. ಒತ್ತಕ್ಷರಕ್ಕೆ 'ಎಫ್' ಕೀ. ಆದರೆ ಅದನ್ನು ಕಲಿತು ನೆನಪಿಟ್ಟುಕೊಳ್ಳಬೇಕು. ಗಾಜಿನ ಮೇಲೆ ಅಕ್ಷರ ಎದುರಿಗೇ ಇರುತ್ತೆ, ನಮ್ಮಮ್ಮನೂ ಹುಡುಕಿ ಹುಡುಕಿ ಬರೆಯುತ್ತಾರೆ.

ನನಗೆ ಸಿಟ್ಟು ಬರೋದು ನಿಮ್ಮ ಮೇಲೆ. ಮೊನ್ನೆ ಮನೆಗೆಲಸವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂದರೆ ಅರ್ಧಕ್ಕರ್ಧ ಜನ ಇಂಗ್ಲಿಷ್ ಅಕ್ಷರದಲ್ಲೇ ಕಳಿಸಿದ್ದೀರಿ. ಬಿ-ಎ-ಎಲ್-ಎ ಅಂತ ಬರೆದರೆ ನಾನು ಬಲ ಅಂತ ಓದಲೋ, ಬಾಲ ಅಂತಲೋ? "ವಸ್ತುವಿನ ಮೇಲೆ ಬಾಲ ಪ್ರಯೋಗಿಸಿದಾಗ" ಅಂತ ಓದಿಕೊಂಡು ಒಬ್ಬನೇ ನಕ್ಕೆ, ಆಮೇಲೆ ಬೇಜಾರಾಯಿತು. ಪರೀಕ್ಷೆಯಲ್ಲಿ ನೀವು ಬರೆಯೋದು ಕನ್ನಡದಲ್ಲಿ. ದ್ಯುತಿಸಂಶ್ಲೇಷಣೆಯ ಒತ್ತಕ್ಷರಗಳು ಕೈಗೆ ಬರೋದು ಬರೆದರೆ ತಾನೇ? ನಮಗೆ ಆಗ ಫೋನಿನಲ್ಲಿ ಕನ್ನಡ ಇರಲಿಲ್ಲ ಅನ್ನೋ ನೆಪ ಇತ್ತು. ನಿಮ್ಮ ಮನೆಯ ಫೋನಿನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸೋಕೆ ಎರಡು ನಿಮಿಷ ಸಾಕು. ತೆಲುಗನ್ನೂ ಸೇರಿಸಿಕೊಳ್ಳಿ, ಇಲ್ಲಿ ಎರಡೂ ಬೇಕು.

ಅಂದಹಾಗೆ ನನ್ನ ಫೋನು ಎರಡು ವರ್ಷವೂ ಬಾಳಲಿಲ್ಲ. ಜಾರಿಸಿ ಜಾರಿಸಿ ಸ್ಕ್ರೀನಿಗೂ ಕೀಬೋರ್ಡಿಗೂ ನಡುವಿನ ಸ್ಟ್ರಿಪ್ ಹರಿಯಿತು. ರಿಪೇರಿಯವನು "ಇದರ ಸ್ಟ್ರಿಪ್ ಸಿಗಲ್ಲ ಸಾರ್" ಅಂದ. ಈಗ ಅದು ಲ್ಯಾಬಿನ ಬೀರುವಿನಲ್ಲಿದೆ. ಬೇಕಾದವರು ಬಿಚ್ಚಿ ಬಟನ್ನಿನ ಒಳಗಿನ ಆ ಬೋಗುಣಿಗಳನ್ನು ನೋಡಬಹುದು. ಬ್ಯಾಟರಿ ತೆಗೆದಿಟ್ಟಿದ್ದೇನೆ.