ಅಂತರ್ಜಾಲ ಪ್ರಸಾರದ ವರಮಾನದಲ್ಲಿ ಚಿತ್ರಕಥಾ ಲೇಖಕರ ಪಾಲಿನ ಕುರಿತು ಮನವಿ ಪತ್ರ

ಇವರಿಗೆ:
ಕಾರ್ಯದರ್ಶಿಗಳು, ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ, ಭಾರತ ಸರ್ಕಾರ, ನವದೆಹಲಿ

ವಿಷಯ: ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 18 ಮತ್ತು 19ನ್ನು ಒಟಿಟಿ ಹಾಗೂ ಯೂಟ್ಯೂಬ್ ಪ್ರಸಾರಕ್ಕೆ ಸಂಬಂಧಿಸಿದಂತೆ ಜಾರಿಗೊಳಿಸುವ ಬಗ್ಗೆ.

ಮಾನ್ಯರೆ,

ಚಲನಚಿತ್ರದಲ್ಲಿ ಬಳಕೆಯಾದ ಸಾಹಿತ್ಯ ಕೃತಿಯ ಕರ್ತೃವು, ಆ ಕೃತಿಯು ಚಿತ್ರಮಂದಿರದ ಹೊರಗೆ ಯಾವುದೇ ರೂಪದಲ್ಲಿ ಬಳಕೆಯಾದಾಗ ಬರುವ ರಾಯಧನದಲ್ಲಿ, ಎಂದರೆ ಪ್ರತಿ ಬಳಕೆಗೂ ಸಲ್ಲಬೇಕಾದ ಹಣದಲ್ಲಿ, ಸಮಪಾಲಿಗೆ ಅರ್ಹನೆಂದು 2012ರ ತಿದ್ದುಪಡಿಯು ವಿಧಿಸಿದೆ. ಈ ಹಕ್ಕನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟ ಕರಾರು ಅಸಿಂಧು. ಆದರೂ ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವವರಿಗೆ ಒಂದೇ ಗಂಟಿನ ಸಂಭಾವನೆ ಕೊಟ್ಟು, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳ ಹಕ್ಕನ್ನೂ ಶಾಶ್ವತವಾಗಿ ಬರೆಸಿಕೊಳ್ಳುವ ಪದ್ಧತಿ ನಿಂತಿಲ್ಲ. ಕಾನೂನು ಅಸಿಂಧುವೆನ್ನುವ ಷರತ್ತಿಗೆ ಸಹಿ ಹಾಕದಿದ್ದರೆ ಮುಂದಿನ ಚಿತ್ರ ಸಿಗದೆಂಬ ಭಯವಿರುವಲ್ಲಿ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಕನ್ನಡದ ಲೇಖಕರಿಗೆ ಈ ನಷ್ಟ ಇನ್ನೊಂದು ದಾರಿಯಿಂದಲೂ ಬರುತ್ತದೆ. ಕನ್ನಡ ಚಿತ್ರಗಳು ಹಿಂದಿಗೆ ಡಬ್ ಆಗಿ ಯೂಟ್ಯೂಬಿನಲ್ಲಿ ದೊಡ್ಡ ಸಂಖ್ಯೆಯ ನೋಡುಗರನ್ನು ಪಡೆಯುತ್ತಿದ್ದು, ಅಲ್ಲಿನ ಜಾಹೀರಾತಿನ ವರಮಾನವು ಡಬ್ಬಿಂಗ್ ಹಕ್ಕು ಕೊಂಡವರಿಗೆ ಸೇರುತ್ತದೆ. ಕಥೆ ಬರೆದವರಿಗೆ ಆ ಮಾರಾಟವಾದ ಸಂಗತಿಯೂ ಎಷ್ಟೋ ಬಾರಿ ತಿಳಿಯುವುದಿಲ್ಲ. ಅಂತರ್ಜಾಲವೇ ಇಲ್ಲದ ಕಾಲದಲ್ಲಿ ಕರಾರಾದ ಹಳೆಯ ಚಿತ್ರಗಳ ವಿಷಯದಲ್ಲಂತೂ ಹಕ್ಕು ಯಾರದೆಂಬುದೇ ಇತ್ಯರ್ಥವಾಗಬೇಕಿದೆ.

ತೊಡಕಿನ ಮೂಲವಿರುವುದು ಲೆಕ್ಕದಲ್ಲಿ. ಟಿಕೆಟಿನ ಗಳಿಕೆ ಹೇಗೋ ಹೊರಬೀಳುತ್ತದೆ, ಆದರೆ ಚಂದಾ ಆಧಾರಿತ ವೇದಿಕೆಯಲ್ಲಿ ಒಂದು ಚಿತ್ರವನ್ನು ಎಷ್ಟು ಜನ ನೋಡಿದರೆಂಬುದು ಬಹುಮಟ್ಟಿಗೆ ವೇದಿಕೆಯ ಗುಟ್ಟಾಗಿಯೇ ಉಳಿಯುತ್ತದೆ. ಅಮೆರಿಕದ ಲೇಖಕರು 2023ರಲ್ಲಿ 148 ದಿನ ಮುಷ್ಕರ ಹೂಡಿ, ವೀಕ್ಷಣೆಯ ಗಂಟೆಗಳ ಅಂಕಿಅಂಶವನ್ನು ಗೋಪ್ಯತೆಯ ಷರತ್ತಿನೊಡನೆ ತಮ್ಮ ಸಂಘಕ್ಕೆ ಒಪ್ಪಿಸುವ ಒಪ್ಪಂದವನ್ನೂ, ವೇದಿಕೆಗಾಗಿಯೇ ತಯಾರಾದ ದೊಡ್ಡ ವೆಚ್ಚದ ಕೃತಿಯನ್ನು ಮೊದಲ 90 ದಿನಗಳಲ್ಲಿ ದೇಶದ ಚಂದಾದಾರರ ಶೇ. 20ರಷ್ಟು ಜನ ನೋಡಿದರೆ ಹೆಚ್ಚುವರಿ ಹಣ ಸಲ್ಲುವ ಏರ್ಪಾಡನ್ನೂ ಪಡೆದರು. ಅಲ್ಲಿ ಮುಷ್ಕರದಿಂದ ದಕ್ಕಿದ ಪಾಲಿಗೆ ಇಲ್ಲಿ ಶಾಸನದ ಬೆಂಬಲವೇ ಇರುವುದರಿಂದ, ಇಲಾಖೆಯ ಕೆಲಸ ಅಷ್ಟರಮಟ್ಟಿಗೆ ಹಗುರ.

ಆದಕಾರಣ, ವೇದಿಕೆಗಳು ಪ್ರತಿ ಚಿತ್ರದ ವೀಕ್ಷಣೆ ಹಾಗೂ ಪರವಾನಗಿ ಮೊತ್ತದ ವಿವರವನ್ನು ಲೇಖಕರ ನೋಂದಾಯಿತ ಕೃತಿಸ್ವಾಮ್ಯ ಸಂಘಕ್ಕೆ ಕಾಲಕಾಲಕ್ಕೆ ಒಪ್ಪಿಸುವಂತೆ ನಿಯಮ ರೂಪಿಸಬೇಕು. ರಾಯಧನದ ಮೊತ್ತವನ್ನು ನಮೂದಿಸಿದ ಮಾದರಿ ಕರಾರನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪ್ರಕಟಿಸಬೇಕು. ಡಬ್ಬಿಂಗ್ ಹಾಗೂ ರೀಮೇಕ್ ಹಕ್ಕಿನ ಮಾರಾಟವನ್ನು ಲೇಖಕರಿಗೆ ಲಿಖಿತವಾಗಿ ತಿಳಿಸುವುದನ್ನು ಕಡ್ಡಾಯಗೊಳಿಸಬೇಕು. 2012ಕ್ಕೆ ಮೊದಲಿನ ಕರಾರುಗಳ ಬಗ್ಗೆ ಸ್ಪಷ್ಟೀಕರಣ ಹೊರಡಿಸಬೇಕು.

ಸಿನಿಮಾ ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇ. 1ರಿಂದ 2ರವರೆಗೆ ಉಪಕರ ವಿಧಿಸಲು ಅವಕಾಶ ಕೊಟ್ಟ ಕರ್ನಾಟಕದ 2024ರ ಕಾನೂನು ಸ್ವಾಗತಾರ್ಹವೇ ಆದರೂ, ಅದು ಕಲಾವಿದರ ಮತ್ತು ಕಾರ್ಮಿಕರ ಕ್ಷೇಮನಿಧಿಗೆ ಸಂಬಂಧಿಸಿದ್ದು. ಲೇಖಕರು ಇಲ್ಲಿ ಕೇಳುತ್ತಿರುವುದು ನೆರವನ್ನಲ್ಲ, ದುಡಿಮೆಯ ಬಾಕಿಯನ್ನು. ಇಲಾಖೆಯು ಲೇಖಕರು, ನಿರ್ಮಾಪಕರು ಮತ್ತು ವೇದಿಕೆಗಳ ಪ್ರತಿನಿಧಿಗಳ ಸಭೆಯನ್ನು ಶೀಘ್ರವಾಗಿ ಕರೆದು, ಈ ಬೇಡಿಕೆಗಳ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದು ಕೋರಲಾಗಿದೆ.

ಕನ್ನಡದ ಚಿತ್ರಕಥೆ ಮತ್ತು ಸಂಭಾಷಣೆಯ ಲೇಖಕರ ಪರವಾಗಿ